ಹಬ್ಬದ ಒಲೆಯ ಮುಂದೆ ನಿಂತುಹೋದ ಓದು

ಆಗಮನ ಕಾಲದ ಮೂರನೆಯ ವಾರ ಕಾಲಿಟ್ಟಿತೆಂದರೆ ನಮ್ಮ ಊರುಗಳ ಕ್ರೈಸ್ತ ಮನೆಗಳನ್ನು ಕಣ್ಣು ಮುಚ್ಚಿಕೊಂಡೂ ಗುರುತಿಸಬಹುದು. ಒಂದು ಮನೆಯಿಂದ ಕಜ್ಜಾಯಕ್ಕೆ ಬೆಲ್ಲದ ಪಾಕ ಏರುವ ವಾಸನೆ, ಮತ್ತೊಂದು ಮನೆಯಿಂದ ಕರ್ಜಿಕಾಯಿಯ ಹೂರಣಕ್ಕೆ ಹುರಿದ ಗಸಗಸೆಯ ವಾಸನೆ, ಕರಾವಳಿಯಿಂದ ಬಂದು ನೆಲೆಸಿದ ಕೊಂಕಣಿ ಮನೆಗಳಿಂದ ಕುಸ್ವಾರಿನ ತಿಂಡಿಗಳ ಘಮಲು. ಈ ವಾಸನೆಗಳನ್ನು ಕುಡಿದೇ ಬೆಳೆದವನು ನಾನು. ನನ್ನ ಪಾಲಿಗೆ ಕ್ರಿಸ್ತಜಯಂತಿ ಮೊದಲು ಬರುತ್ತಿದ್ದುದು ಅಮ್ಮನ ಅಡುಗೆಮನೆಗೆ, ಆಮೇಲೆ ದೇವಾಲಯಕ್ಕೆ. ಆದರೂ ಈ ವರ್ಷ ಆ ಅಡುಗೆಮನೆಯ ಬಗ್ಗೆ ಒಂದು ಕಹಿ ಮಾತನ್ನು ಆಡಲೇಬೇಕಾಗಿದೆ. ಓದಿ ಮುಗಿಸಿದ ಮೇಲೆ ನೀವು ನನ್ನ ಮೇಲೆ ಸಿಟ್ಟಾದರೂ ಚಿಂತೆಯಿಲ್ಲ. ಅರ್ಧಕ್ಕೇ ಪುಟ ಮಗುಚಬೇಡಿ ಎಂಬುದಷ್ಟೇ ನನ್ನ ಕೋರಿಕೆ.

ಬೂವನಹಳ್ಳಿಯ ಕಡೆಯ ಒಂದು ಮನೆಯ ಕಥೆ ಇದು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಒಂದೆರಡು ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಹಾಸನದ ವಿಮಾನ ನಿಲ್ದಾಣಕ್ಕೆಂದು 2007ರಲ್ಲಿ ಅಡಿಗಲ್ಲು ಹಾಕಿದ್ದು ಆ ಬೂವನಹಳ್ಳಿಯಲ್ಲಿಯೇ. ಕೆಲಸವೇನೋ ಮುಂದೆ ವರ್ಷಗಟ್ಟಲೆ ನಿಂತೇ ಇತ್ತು. ಆದರೆ ಆ ಸುತ್ತಿನ ಮಕ್ಕಳ ಕನಸುಗಳು ವಿಮಾನಕ್ಕಾಗಿ ಕಾದು ಕೂರಲಿಲ್ಲ. ಬಸ್ಸು ಹತ್ತಿ ಹಾಸನಕ್ಕೆ, ಮೈಸೂರಿಗೆ, ಬೆಂಗಳೂರಿಗೆ ಹೋಗಿ ಓದಿದವು. ನಾನು ಹೇಳುತ್ತಿರುವ ಹುಡುಗ ಎಂಜಿನಿಯರಿಂಗ್ ಪದವೀಧರ. ಹುಡುಗಿ, ಮೈಸೂರು ವಿಶ್ವವಿದ್ಯಾನಿಲಯವು ಹಾಸನದಲ್ಲಿ ತೆರೆದ ಹೇಮಗಂಗೋತ್ರಿ ಕೇಂದ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವಳು. ಮದುವೆಗೆ ಮುನ್ನ ಇಬ್ಬರೂ ನನ್ನ ಮುಂದೆ ಕುಳಿತು, "ಫಾದರ್, ನಾವಿಬ್ಬರೂ ಮುಂದೆ ಓದುತ್ತೇವೆ" ಎಂದಿದ್ದರು. ಅವನಿಗೆ ಎಂ.ಟೆಕ್. ಮಾಡುವಾಸೆ, ಅವಳಿಗೆ ಪಿಎಚ್.ಡಿ. ಎರಡೂ ಮನೆಯ ಹಿರಿಯರು ತಲೆದೂಗಿದರು. ನಾನೂ ಸಂತೋಷದಿಂದ ವಿವಾಹ ಸಂಸ್ಕಾರ ನೆರವೇರಿಸಿದೆ.

2024ರ ಡಿಸೆಂಬರಿನ ಒಂದು ಸಂಜೆ ಕ್ಯಾರಲ್ ತಂಡದೊಡನೆ ಆ ಮನೆಗೆ ಹೋದೆ. ಹುಡುಗರು ಡೋಲು ಎತ್ತುವಷ್ಟರಲ್ಲಿ ಮನೆಯ ಹಿರಿಯಾಕೆ ಬಾಗಿಲಿಗೆ ಬಂದು, "ಸ್ವಲ್ಪ ಮೆಲ್ಲಗೆ ಹಾಡಿಸಿ ಫಾದರ್, ಮಗ ಒಳಗೆ ಓದ್ತಿದ್ದಾನೆ" ಎಂದರು. ಕೋಣೆಯ ಬಾಗಿಲು ಮುಚ್ಚಿತ್ತು. ಟಿ.ವಿ. ಆರಿಸಿದ್ದರು. ಮಗನಿಗೆ ಗೇಟ್ ಪರೀಕ್ಷೆ. ಹಾಡು ಮುಗಿಯುವ ಹೊತ್ತಿಗೆ ಸೊಸೆ ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದಳು. ಮೊಣಕೈವರೆಗೆ ಮೈದಾಹಿಟ್ಟು, ಹಣೆಯ ಮೇಲೆ ಬೆವರು.

"ನಿನ್ನ ಪರೀಕ್ಷೆ ಯಾವಾಗಮ್ಮಾ?" ಎಂದು ಕೇಳಿದೆ.

"ಜನವರಿ ಮೊದಲ ವಾರದಲ್ಲಿ ಶುರು ಫಾದರ್."

"ಅವನದು?"

"ಫೆಬ್ರುವರಿ."

ಆ ಸಾಲಿನ ಯುಜಿಸಿ-ನೆಟ್ ಪರೀಕ್ಷೆ 2025ರ ಜನವರಿ 3ರಂದು ಆರಂಭವಾಯಿತು. ಗೇಟ್ ಆರಂಭವಾದದ್ದು ಫೆಬ್ರುವರಿ 1ರಂದು. ಪರೀಕ್ಷೆಗೆ ನಾಲ್ಕಾರು ವಾರ ಉಳಿದಿದ್ದವನು ಮುಚ್ಚಿದ ಬಾಗಿಲ ಹಿಂದೆ ಪುಸ್ತಕದ ಮುಂದೆ ಕುಳಿತಿದ್ದ. ಎರಡು ವಾರವೂ ಉಳಿಯದವಳು ಎಣ್ಣೆಯ ಬಾಣಲೆಯ ಮುಂದೆ ನಿಂತಿದ್ದಳು. ಇದನ್ನು ಕಣ್ಣಾರೆ ಕಂಡ ನಾನು ಏನು ಮಾಡಿದೆ ಗೊತ್ತೇ? ಎರಡು ಕರ್ಜಿಕಾಯಿ ತಿಂದು, "ಬಹಳ ಚೆನ್ನಾಗಿದೆಯಮ್ಮಾ" ಎಂದು ಹೊಗಳಿ, ಮನೆಯನ್ನು ಆಶೀರ್ವದಿಸಿ ಮುಂದಿನ ಮನೆಗೆ ಹೋದೆ.

ಪರೀಕ್ಷೆಯ ಫಲಿತಾಂಶ ಬಂತು. ಅವನು ತೇರ್ಗಡೆಯಾದ. ಅವಳಿಗೆ ಕೆಲವೇ ಅಂಕಗಳಿಂದ ತಪ್ಪಿತು. ಮನೆಯಲ್ಲಿ ಯಾರೂ ಅವಳನ್ನು ಬೈಯಲಿಲ್ಲ. ಅವರು ಒಳ್ಳೆಯ ಜನ. "ಅವಳ ಹಣೆಯಲ್ಲಿ ಬರೆದಿರಲಿಲ್ಲ, ಇರಲಿ ಬಿಡಿ. ಒಬ್ಬರು ಓದಿದರೆ ಸಾಕಲ್ಲ" ಎಂದರು. ಪ್ರಿಯ ಓದುಗರೇ, ನನ್ನ ಜಗಳ ಇರುವುದು ಈ ಒಳ್ಳೆಯ ಮಾತಿನ ಜೊತೆ. ಅವಳ ಸೋಲು ಹಣೆಯಲ್ಲಿ ಬರೆದಿರಲಿಲ್ಲ. ಡಿಸೆಂಬರ್ ತಿಂಗಳ ಮನೆಗೆಲಸದ ಪಟ್ಟಿಯಲ್ಲಿ ಬರೆದಿತ್ತು. ಆ ಪಟ್ಟಿಯನ್ನು ಬರೆದವರು ನಾವು.

ನನ್ನ ವಾದವನ್ನು ನೇರವಾಗಿಯೇ ಹೇಳಿಬಿಡುತ್ತೇನೆ. ಗಂಡ ಹೆಂಡತಿ ಇಬ್ಬರೂ ಓದಬೇಕೆಂದಿರುವ ಮನೆಯಲ್ಲಿ ಯಾರ ಓದು ಮೊದಲು, ಯಾರ ಓದು ಆಮೇಲೆ ಎಂಬುದನ್ನು ನಾವು ಎಂದೂ ಕುಳಿತು ತೀರ್ಮಾನಿಸುವುದಿಲ್ಲ. ಹಬ್ಬದ ಒಲೆ ಅದನ್ನು ತೀರ್ಮಾನಿಸುತ್ತದೆ. ಹಬ್ಬಕ್ಕೆ ಒಲೆಯ ಮುಂದೆ ಯಾರು ನಿಲ್ಲುತ್ತಾರೋ ಅವರ ಓದು ನಿಲ್ಲುತ್ತದೆ. ಹೀಗೆ ತೀರ್ಮಾನವಾದುದನ್ನು ನಾವು ದೇವರ ಚಿತ್ತವೆಂದು ಕರೆದು ಕೈತೊಳೆದುಕೊಳ್ಳುತ್ತೇವೆ. ಪಿಲಾತನೂ ಕೈತೊಳೆದುಕೊಂಡಿದ್ದ ಎಂಬುದು ನೆನಪಿರಲಿ.

ಇದಕ್ಕೆ ಬರುವ ಮೊದಲ ಉತ್ತರ ನನಗೆ ಗೊತ್ತು. "ಹಬ್ಬ ವರ್ಷಕ್ಕೊಮ್ಮೆ ಬರುತ್ತದೆ ಫಾದರ್. ನಾಲ್ಕು ದಿನ ಒಲೆಯ ಮುಂದೆ ನಿಂತರೆ ಓದು ಕೆಟ್ಟುಹೋಗುತ್ತದೆಯೇ?" ನಾಲ್ಕೇ ದಿನವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಕೇಂದ್ರ ಸರ್ಕಾರ 2019ರಲ್ಲಿ ದೇಶದಾದ್ಯಂತ ಜನರ ಸಮಯದ ಬಳಕೆಯನ್ನು ಸಮೀಕ್ಷೆ ಮಾಡಿಸಿತು. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆದರೆ, ತೊಡಗಿದ ಗಂಡಸರು ಕಳೆದದ್ದು 97 ನಿಮಿಷ. ಇನ್ನೊಂದು ಮಾತು: ನೂರು ಹೆಂಗಸರಲ್ಲಿ 81 ಮಂದಿ ಈ ಕೆಲಸದಲ್ಲಿ ತೊಡಗಿದ್ದರೆ, ನೂರು ಗಂಡಸರಲ್ಲಿ ತೊಡಗಿದವರು 26 ಮಂದಿ ಮಾತ್ರ. ಅಂದರೆ 97 ನಿಮಿಷ ಎಂಬುದು ಮನೆಯಲ್ಲಿ ಕೈಯಾಡಿಸುವ ಒಳ್ಳೆಯ ಗಂಡಸರ ಲೆಕ್ಕ. ಉಳಿದವರದು ಸೊನ್ನೆ. ಆ ಒಳ್ಳೆಯ ಗಂಡಸರೊಡನೆ ಹೋಲಿಸಿದರೂ ದಿನಕ್ಕೆ 202 ನಿಮಿಷಗಳ ವ್ಯತ್ಯಾಸ. ವರ್ಷಕ್ಕೆ ಗುಣಿಸಿ ನೋಡಿ: 1,200 ಗಂಟೆಗೂ ಹೆಚ್ಚು. ದಿನಕ್ಕೆ 8 ಗಂಟೆ ಓದುವ ವಿದ್ಯಾರ್ಥಿಗೆ ಅದು ಐದು ತಿಂಗಳ ಓದು. ಒಂದೇ ಮನೆಯ ಇಬ್ಬರು ಒಂದೇ ವರ್ಷ ಪರೀಕ್ಷೆಗೆ ಕುಳಿತರೆ, ಒಬ್ಬರು ಐದು ತಿಂಗಳು ಹಿಂದಿನಿಂದ ಓಡಲು ಆರಂಭಿಸುತ್ತಾರೆ. ಆಮೇಲೆ ಸೋತವರನ್ನು ನೋಡಿ ನಾವು ಹಣೆಬರಹದ ಮಾತಾಡುತ್ತೇವೆ. ಹಬ್ಬ ಈ ಅನ್ಯಾಯವನ್ನು ಹುಟ್ಟುಹಾಕಲಿಲ್ಲ. ಅದಕ್ಕೆ ರೇಷ್ಮೆ ಸೀರೆ ಉಡಿಸಿತು, ಅಷ್ಟೇ.

ಎರಡನೆಯ ಉತ್ತರ ಹಣದ್ದು. "ಇಬ್ಬರನ್ನೂ ಓದಿಸುವ ಶಕ್ತಿ ನಮಗೆಲ್ಲಿದೆ? ಒಬ್ಬರನ್ನೇ ಓದಿಸಬೇಕಾದರೆ ಮನೆ ನಡೆಸಬೇಕಾದ ಗಂಡು ಓದಲಿ." ಒಳ್ಳೆಯದು, ಹಣದ ಲೆಕ್ಕವನ್ನೇ ಮಾಡೋಣ. ಗೇಟ್ ಅಂಕಗಳ ಮೇಲೆ ಎಂ.ಟೆಕ್. ಸೇರಿದವರಿಗೆ ದೊರೆಯುವ ವಿದ್ಯಾರ್ಥಿವೇತನ ತಿಂಗಳಿಗೆ 12,400 ರೂಪಾಯಿ. ನೆಟ್ ಪರೀಕ್ಷೆಯಲ್ಲಿ ಕಿರಿಯ ಸಂಶೋಧನಾ ಫೆಲೋಶಿಪ್ ಗಳಿಸಿ ಪಿಎಚ್.ಡಿ. ಸೇರಿದವರಿಗೆ 2023ರ ಜನವರಿಯಿಂದ ನಿಗದಿಯಾದ ಮೊತ್ತ, ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಫೆಲೋಶಿಪ್ ಎಲ್ಲರಿಗೂ ಸಿಗುವುದಿಲ್ಲ, ನಿಜ. ಮೇಲಿನ ಅಂಕ ಗಳಿಸಿದವರಿಗೆ ಮಾತ್ರ. ಆದುದರಿಂದಲೇ ಆ ಕೊನೆಯ ಎರಡು ವಾರ ಅಷ್ಟು ಅಮೂಲ್ಯವಾಗಿದ್ದವು. ಮನೆಯ ಆದಾಯವೇ ನಿಮ್ಮ ಚಿಂತೆಯಾಗಿದ್ದಲ್ಲಿ ಡಿಸೆಂಬರಿನಲ್ಲಿ ಟಿ.ವಿ. ಆರಿಸಬೇಕಾಗಿದ್ದುದು, ಕೋಣೆಯ ಬಾಗಿಲು ಮುಚ್ಚಬೇಕಾಗಿದ್ದುದು, ಹೊತ್ತುಹೊತ್ತಿಗೆ ಕಾಫಿ ಒಯ್ದು ಕೊಡಬೇಕಾಗಿದ್ದುದು ಸೊಸೆಗೆ. ನೀವು ಹಾಗೆ ಮಾಡಲಿಲ್ಲ. ಹಣದ ಮಾತು ನೆಪವಾಗಿತ್ತು ಎಂಬುದು ಇದರಿಂದಲೇ ತಿಳಿಯುತ್ತದೆ.

ನಿಜವಾಗಿಯೂ ಕೈ ಕಟ್ಟಿಹೋಗಿರುವ ಮನೆಗಳೂ ಇವೆ, ಬಲ್ಲೆ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆಂದು ಇದ್ದ ಮೌಲಾನಾ ಆಜಾದ್ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022ರ ಕೊನೆಯಲ್ಲಿ ನಿಲ್ಲಿಸಿದ ಮೇಲೆ ನಮ್ಮ ಮಕ್ಕಳಿಗಿದ್ದ ಒಂದು ಬಾಗಿಲು ಮುಚ್ಚಿತು. ಆದರೆ ಇದೇ ಮನೆಗಳು ಮದುವೆಯ ಛತ್ರಕ್ಕೆ, ವಿಡಿಯೋಗೆ, ಊಟಕ್ಕೆ ಸಾಲ ಮಾಡಿಯಾದರೂ ಖರ್ಚು ಮಾಡುವುದನ್ನು ನಾನು ಪ್ರತಿ ಮೇ ತಿಂಗಳಲ್ಲಿಯೂ ನೋಡುತ್ತಿದ್ದೇನೆ. ಒಂದು ದಿನದ ಊಟಕ್ಕೆ ಹುಟ್ಟುವ ಸಾಲ, ಒಂದು ಹೆಣ್ಣಿನ ಓದಿಗೆ ಮಾತ್ರ ಏಕೆ ಹುಟ್ಟುವುದಿಲ್ಲ?

ಮೂರನೆಯ ಉತ್ತರವೇ ನನ್ನನ್ನು ಹೆಚ್ಚು ನೋಯಿಸುವಂಥದು, ಏಕೆಂದರೆ ಅದು ಶ್ರೀಗ್ರಂಥವನ್ನು ಕೈಯಲ್ಲಿ ಹಿಡಿದು ಬರುತ್ತದೆ. "ಮರ್ತಾ ಕೂಡ ಸಂತಳಲ್ಲವೇ? ಅಡುಗೆಯೂ ಸೇವೆಯಲ್ಲವೇ?" ಹೌದು, ಅಡುಗೆ ಸೇವೆ. ಅದನ್ನು ಅಲ್ಲಗಳೆಯುವವನು ಊಟ ಮಾಡಲು ಅರ್ಹನಲ್ಲ. ಆದರೆ ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಮರಿಯಳು ಪ್ರಭುವಿನ ಪಾದದ ಬಳಿ ಕುಳಿತಿದ್ದಳು. ಗುರುವಿನ ಪಾದದ ಬಳಿ ಕುಳಿತುಕೊಳ್ಳುವುದೆಂದರೆ ಆ ಕಾಲದಲ್ಲಿ ವಿದ್ಯಾರ್ಥಿಯಾಗುವುದೆಂದು ಅರ್ಥ. ಸಂತ ಪೌಲನು ಗಮಲಿಯೇಲನ ಪಾದದ ಬಳಿ ಧರ್ಮಶಾಸ್ತ್ರ ಕಲಿತವನು. ಒಬ್ಬ ಹೆಣ್ಣು ಮಗಳು ಆ ಸ್ಥಾನದಲ್ಲಿ ಕುಳಿತಾಗ ಅವಳನ್ನು ಎಬ್ಬಿಸಿ ಅಡುಗೆಮನೆಗೆ ಕಳುಹಿಸಬೇಕೆಂದು ಕೋರಿಕೆ ಬಂತು. ಪ್ರಭು ಕಳುಹಿಸಲಿಲ್ಲ. ಅವಳು ಆರಿಸಿಕೊಂಡದ್ದನ್ನು ಅವಳಿಂದ ಯಾರೂ ಕಿತ್ತುಕೊಳ್ಳಬಾರದೆಂದರು. ಎರಡು ಸಾವಿರ ವರ್ಷಗಳ ನಂತರ ನಾವು ಅದನ್ನು ಪ್ರಭುವಿನ ಹೆಸರಿನಲ್ಲಿಯೇ ಕಿತ್ತುಕೊಳ್ಳುತ್ತಿದ್ದೇವೆ!

ಈ ಪ್ರಸಂಗದ ಮೇಲೆ ನಾನೇ ಎಷ್ಟೋ ಪ್ರಬೋಧನೆ ಮಾಡಿದ್ದೇನೆ. ಅಕ್ಕ ತಂಗಿಯರನ್ನು ತೂಗಿ ನೋಡಿದ್ದೇನೆ. ಆದರೆ ಒಂದು ಪ್ರಶ್ನೆಯನ್ನು ಎಂದೂ ಕೇಳಿರಲಿಲ್ಲ: ಆ ಮನೆಯಲ್ಲಿ ಲಾಜರನೂ ಇದ್ದನಲ್ಲ, ಅವನೇನು ಮಾಡುತ್ತಿದ್ದ? ಸಂತ ಯೊವಾನ್ನನು ಹನ್ನೆರಡನೆಯ ಅಧ್ಯಾಯದಲ್ಲಿ ಬೆಥಾನಿಯದ ಇನ್ನೊಂದು ಔತಣವನ್ನು ವರ್ಣಿಸುತ್ತಾ ಉತ್ತರ ಕೊಟ್ಟಿದ್ದಾನೆ. ಮರ್ತಾ ಬಡಿಸುತ್ತಿದ್ದಳು, ಲಾಜರನು ಊಟಕ್ಕೆ ಕುಳಿತವರಲ್ಲಿ ಒಬ್ಬನಾಗಿದ್ದನು. ಮರ್ತಾ ಮರಿಯರ ನಡುವೆ ನಾವು ಹಚ್ಚುತ್ತಿರುವ ಜಗಳ ನಿಜಕ್ಕೂ ಲಾಜರನ ಮೇಲೆ ಬೀಳಬೇಕಾಗಿದ್ದ ದೂರು. ಮೂವರೂ ಸೇರಿ ಕೆಲಸ ಮಾಡಿ, ಮೂವರೂ ಪ್ರಭುವಿನ ಪಾದದ ಬಳಿ ಕುಳಿತಿದ್ದರೆ ಯಾರೂ ಯಾರ ಮೇಲೂ ಗೊಣಗಬೇಕಾಗಿರಲಿಲ್ಲ.

ಜ್ಞಾನೋಕ್ತಿಗಳ ಮೂವತ್ತೊಂದನೆಯ ಅಧ್ಯಾಯವೂ ಹೀಗೆಯೇ ನಮ್ಮ ಕೈಯಲ್ಲಿ ಪಾಡುಪಟ್ಟಿದೆ. ಇನ್ನೂ ಕತ್ತಲಿರುವಾಗಲೇ ಎದ್ದು ಮನೆಯವರಿಗೆ ಅನ್ನ ಒದಗಿಸುವ ಗುಣವತಿಯ ವರ್ಣನೆಯನ್ನು ಮದುವೆಯ ದಿನ ಓದಿ ಸೊಸೆಯ ಕಡೆ ನೋಡುತ್ತೇವೆ. ಅದೇ ಗುಣವತಿ ಹೊಲವನ್ನು ಪರೀಕ್ಷಿಸಿ ಕೊಳ್ಳುತ್ತಾಳೆ, ತನ್ನ ಸಂಪಾದನೆಯಿಂದ ದ್ರಾಕ್ಷಿತೋಟ ಹಾಕಿಸುತ್ತಾಳೆ, ಬಾಯ್ತೆರೆದರೆ ಜ್ಞಾನದ ಮಾತಾಡುತ್ತಾಳೆ. ಅಧ್ಯಾಯದ ಕೊನೆಯ ವಚನವಂತೂ ಅವಳ ಕೈಕೆಲಸದ ಪ್ರತಿಫಲವನ್ನು ಅವಳಿಗೇ ಸಲ್ಲಿಸಿರೆಂದು ಆಜ್ಞೆ ಮಾಡುತ್ತದೆ. ಆ ವಚನ ಬರುವ ಹೊತ್ತಿಗೆ ನಮಗೆ ಊಟದ ನೆನಪಾಗಿರುತ್ತದೆ.

ಧರ್ಮಸಭೆಯ ಬೋಧನೆ ಈ ವಿಷಯದಲ್ಲಿ ಅಸ್ಪಷ್ಟವೇ? ಇಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಪ್ರಕಟಿಸಿದ, ಆಧುನಿಕ ಜಗತ್ತಿನಲ್ಲಿ ಧರ್ಮಸಭೆಯನ್ನು ಕುರಿತ ಸಂವಿಧಾನದ 29ನೆಯ ಪರಿಚ್ಛೇದವು, ಪುರುಷರಿಗೆ ಸಮನಾದ ಶಿಕ್ಷಣವನ್ನು ಸ್ತ್ರೀಯರಿಗೆ ನಿರಾಕರಿಸುವುದನ್ನು ಮಾನವನ ಮೂಲಭೂತ ಹಕ್ಕುಗಳ ಉಲ್ಲಂಘನೆಗೆ ಉದಾಹರಣೆಯಾಗಿ ಹೆಸರಿಸುತ್ತದೆ. ಚಿಕ್ಕ ಮಕ್ಕಳಿಗೆ ಮನೆಯಲ್ಲಿ ತಾಯಿಯ ಆರೈಕೆ ಬೇಕೆಂದು ಅದೇ ದಾಖಲೆಯ 52ನೆಯ ಪರಿಚ್ಛೇದ ಹೇಳುವುದೂ ನಿಜ. ಆದರೆ ಅದಕ್ಕಾಗಿ ಸ್ತ್ರೀಯ ನ್ಯಾಯಯುತ ಸಾಮಾಜಿಕ ಪ್ರಗತಿಯನ್ನು ಕಡೆಗಣಿಸಬಾರದೆಂದು ಅಲ್ಲಿಯೇ ಸೇರಿಸಿದೆ; ತಂದೆಯೂ ಮಕ್ಕಳ ಬೆಳವಣಿಗೆಯಲ್ಲಿ ಸಕ್ರಿಯವಾಗಿ ಇರಬೇಕೆಂದಿದೆ. ನಾವು ಮೊದಲರ್ಧವನ್ನು ಬಾಯಿಪಾಠ ಮಾಡಿ ಉಳಿದರ್ಧವನ್ನು ಮರೆತವರು. ಪೋಪ್ ಫ್ರಾನ್ಸಿಸರು 2016ರಲ್ಲಿ ಕುಟುಂಬ ಪ್ರೀತಿಯ ಬಗ್ಗೆ ಬರೆದ 'ಅಮೋರಿಸ್ ಲೆತೀಸಿಯ' ಪ್ರಬೋಧನಾ ಪತ್ರದ 286ನೆಯ ಪರಿಚ್ಛೇದದಲ್ಲಿ, ಹೆಂಡತಿಯ ಉದ್ಯೋಗಕ್ಕೆ ಹೊಂದಿಕೊಂಡು ಮನೆಗೆಲಸ, ಮಕ್ಕಳ ಪಾಲನೆಗಳಲ್ಲಿ ಪಾಲ್ಗೊಳ್ಳುವ ಗಂಡನ ಗಂಡಸುತನಕ್ಕೆ ಕುಂದು ಬಾರದೆಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ಪಾತ್ರೆ ತೊಳೆದರೆ ಮೀಸೆ ಉದುರುವುದಿಲ್ಲವೆಂದು ಹೇಳಲು ಪೋಪರೇ ಬರಬೇಕಾಯಿತೆಂಬುದು ನಮಗೆ ನಾಚಿಕೆಯ ವಿಷಯ.

ಅಡುಗೆಮನೆಯ ಪಾತ್ರೆಗಳ ನಡುವೆಯೂ ದೇವರಿದ್ದಾನೆಂದು ಆವಿಲಾದ ಸಂತ ತೆರೇಸಾ ತಮ್ಮ ಸೋದರಿಯರಿಗೆ ಕಲಿಸಿದ್ದನ್ನು ನಾವು ಮೆಚ್ಚಿ ಉಲ್ಲೇಖಿಸುತ್ತೇವೆ. ಆದರೆ ಆ ತೆರೇಸಾ ಗ್ರಂಥಗಳನ್ನು ಬರೆದವರು, ಊರೂರು ಸುತ್ತಿ ಮಠಗಳನ್ನು ಸ್ಥಾಪಿಸಿದವರು, 1970ರಲ್ಲಿ ಸಿಯೆನ್ನಾದ ಸಂತ ಕ್ಯಾಥರೀನರೊಂದಿಗೆ ಧರ್ಮಸಭೆಯ ಪಂಡಿತರೆಂಬ ಬಿರುದು ಪಡೆದ ಮೊದಲ ಮಹಿಳೆಯರಲ್ಲಿ ಒಬ್ಬರು. ಸಂತ ಎಡಿತ್ ಸ್ಟೈನ್ 1916ರಲ್ಲಿಯೇ ತತ್ವಶಾಸ್ತ್ರದಲ್ಲಿ ಉನ್ನತ ಶ್ರೇಣಿಯೊಡನೆ ಡಾಕ್ಟರೇಟ್ ಗಳಿಸಿದರು. ಹೆಣ್ಣೆಂಬ ಕಾರಣಕ್ಕೆ ಜರ್ಮನಿಯ ವಿಶ್ವವಿದ್ಯಾನಿಲಯಗಳು ಅವರಿಗೆ ಪ್ರಾಧ್ಯಾಪಕ ಪದವಿಯ ಬಾಗಿಲನ್ನು ತೆರೆಯಲಿಲ್ಲ. ಧರ್ಮಸಭೆ 1998ರಲ್ಲಿ ಅವರನ್ನು ಬಲಿಪೀಠದ ಮೇಲಕ್ಕೆ ಏರಿಸಿತು. ಬಾಗಿಲು ಮುಚ್ಚಿದವರ ಹೆಸರುಗಳು ಇಂದು ಯಾರಿಗೂ ನೆನಪಿಲ್ಲ.

ಇನ್ನು ಯುವಕರೇ, ನಿಮ್ಮನ್ನು ಬಿಟ್ಟೆನೆಂದು ತಿಳಿಯಬೇಡಿ. "ಇದೆಲ್ಲ ಬೇಡ, ತಿಂಡಿಯನ್ನು ಬೇಕರಿಯಿಂದ ತಂದರಾಯಿತು" ಎನ್ನುತ್ತೀರಿ. ಅದು ಸುಲಭದ ಪರಿಹಾರ. ಆದರೆ ಸೋಮಾರಿಯ ಪರಿಹಾರ. ಕಜ್ಜಾಯದ ಪಾಕ ಯಾವಾಗ ಹದಕ್ಕೆ ಬಂತೆಂದು ನೀರಿಗೆ ತೊಟ್ಟಿಕ್ಕಿ ನೋಡುವ ಅಮ್ಮನ ಬೆರಳಿನಲ್ಲಿಯೂ ಒಂದು ವಿದ್ಯೆಯಿದೆ. ಅದನ್ನು ಕಲಿಯದೆ ಬಿಟ್ಟರೆ ಆಕೆಯೊಂದಿಗೆ ಮಣ್ಣಿಗೆ ಹೋಗುತ್ತದೆ. ಮನೆಯ ಹೆಣ್ಣುಮಕ್ಕಳ ದುಡಿಮೆ ಹಗುರಾಗಬೇಕೆಂದು ನಾನು ವಾದಿಸುತ್ತಿರುವುದು ಒಲೆ ಆರಿಸಲೆಂದಲ್ಲ, ಅದರ ಮುಂದೆ ಇನ್ನಿಬ್ಬರು ಬಂದು ಕೂರಲೆಂದು. ಬೆಂಗಳೂರಿನಿಂದ ಡಿಸೆಂಬರ್ 24ರ ರಾತ್ರಿ ಬಸ್ಸಿನಲ್ಲಿ ನೆಂಟರಂತೆ ಬಂದಿಳಿದು, ಡಬ್ಬಗಟ್ಟಲೆ ತಿಂಡಿ ತುಂಬಿಸಿಕೊಂಡು 26ಕ್ಕೆ ಹಿಂದಿರುಗುವ ಗಂಡು ಹೆಣ್ಣು ಮಕ್ಕಳೆಲ್ಲರಿಗೂ ಈ ಮಾತು ಸಲ್ಲುತ್ತದೆ. ನೀವು ಸ್ನಾತಕೋತ್ತರ ಪದವಿ ಪಡೆಯಲೆಂದು ಒಬ್ಬ ತಾಯಿ ಮೂವತ್ತು ವರ್ಷ ಒಲೆಯ ಮುಂದೆ ನಿಂತಿದ್ದಾಳೆ. ಅವಳ ಸೊಂಟನೋವಿಗೆ ನಿಮ್ಮ ಪದವಿಯಲ್ಲಿ ಪಾಲಿದೆ.

"ಗಂಡಸರಿಗೆ ಅಡುಗೆ ಬರುವುದಿಲ್ಲ" ಎಂಬ ಮಾತನ್ನಂತೂ ನನ್ನ ಮುಂದೆ ಆಡಬೇಡಿ. ಪಾಲಕ ಸಂತರ ಹಬ್ಬದಂದು ಐನೂರು ಜನರಿಗೆ ಹಂಡೆಗಟ್ಟಲೆ ಸಾರು ಕಾಯಿಸುವವರು ನಮ್ಮ ಧರ್ಮಕೇಂದ್ರಗಳ ಗಂಡಸರೇ. ನಮ್ಮ ಕಡೆ ಒತ್ತು ಶ್ಯಾವಿಗೆಗೆ ಬಿಸಿ ಮುದ್ದೆಯನ್ನು ಒರಳಿಗೆ ತುಂಬಿ ಒತ್ತುವಾಗ ಮನೆಯ ಗಂಡಸರನ್ನು ಕೂಗಿ ಕರೆಯುವುದು ಹಿಂದಿನಿಂದ ಬಂದ ವಾಡಿಕೆ. ಐನೂರು ಜನರಿಗೆ ಬೇಯಿಸುವ ಕೈಗೆ ಐದು ಜನರಿಗೆ ಬೇಯಿಸಲು ಬಾರದೇ? ಜನ ನೋಡುವಲ್ಲಿ ಬರುತ್ತದೆ, ನೋಡದಲ್ಲಿ ಬರುವುದಿಲ್ಲ. ಇದು ಅಡುಗೆಯ ಸಮಸ್ಯೆಯಲ್ಲ, ಅಹಂಕಾರದ ಸಮಸ್ಯೆ, ಪಾಪನಿವೇದನೆಯಲ್ಲಿ ಹೇಳಿಕೊಳ್ಳತಕ್ಕದ್ದು.

ನನ್ನ ಪಾಪವನ್ನೂ ಹೇಳಿಕೊಳ್ಳುತ್ತೇನೆ. ನನ್ನ ತಾಯಿ ನಡುರಾತ್ರಿಯ ಬಲಿಪೂಜೆಯನ್ನು ಪೂರ್ತಿಯಾಗಿ ಕಂಡದ್ದು ನನಗೆ ನೆನಪಿಲ್ಲ. ಪರಮಪ್ರಸಾದ ಸ್ವೀಕರಿಸಿ, ನಮಗಿಂತ ಮೊದಲೇ ಕತ್ತಲಲ್ಲಿ ಮನೆಗೆ ನಡೆಯುತ್ತಿದ್ದರು. ನಾವು ಬರುವಷ್ಟರಲ್ಲಿ ಸಾರು ಕುದಿಯಬೇಕಿತ್ತು. ಆಕೆ ಓದಲು ಆಸೆಪಟ್ಟಿದ್ದರೇ? ನಾನು ಎಂದೂ ಕೇಳಲಿಲ್ಲ. ಗುರುಮಠದಲ್ಲಿ ತತ್ವಶಾಸ್ತ್ರ, ದೈವಶಾಸ್ತ್ರಗಳನ್ನು ವರ್ಷಗಟ್ಟಲೆ ಓದಿದ ನಾನು ಅಲ್ಲಿ ಒಂದು ದಿನವೂ ನನ್ನ ಊಟವನ್ನು ನಾನು ಬೇಯಿಸಿಕೊಳ್ಳಲಿಲ್ಲ. ನನ್ನ ಓದಿನ ಹಿಂದೆಯೂ ಯಾರದೋ ಒಲೆ ಉರಿಯುತ್ತಿತ್ತು. ಮುಂದೆ ಗುರುವಾದ ಮೇಲೆ, "ಓದು ಮುಂದುವರಿಸಲೇ?" ಎಂದು ಕೇಳಿ ಬಂದ ಒಬ್ಬಿಬ್ಬರು ಹೆಣ್ಣುಮಕ್ಕಳಿಗೆ, "ಸ್ವಲ್ಪ ತಾಳ್ಮೆಯಿಂದಿರಮ್ಮಾ, ಮಗು ದೊಡ್ಡದಾಗಲಿ" ಎಂದು ಬುದ್ಧಿ ಹೇಳಿದ್ದೇನೆ. ಅವರ ಗಂಡಂದಿರಿಗೆ ಒಮ್ಮೆಯೂ ತಾಳ್ಮೆಯ ಪಾಠ ಹೇಳಲಿಲ್ಲ. ಆದುದರಿಂದ ಈ ಲೇಖನ ಮೊದಲು ನನಗೇ ಬರೆದುಕೊಂಡದ್ದು.

ಓದು ನಮ್ಮ ಜನರಿಗೆ ಏಕೆ ಇಷ್ಟು ಮುಖ್ಯ ಎಂಬುದಕ್ಕೆ ಹಾಸನದವರು ದೂರ ಹೋಗಬೇಕಿಲ್ಲ. ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಕಟ್ಟಿದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯದ ಗೋಡೆಗಳನ್ನು ನೋಡಿ ಬನ್ನಿ. ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅಲ್ಲಿಂದೀಚೆಗೆ ಹಿನ್ನೀರು ಏರಿದಾಗ ಆ ದೇವಾಲಯ ಮುಳುಗುತ್ತದೆ, ಇಳಿದಾಗ ಮತ್ತೆ ತಲೆಯೆತ್ತುತ್ತದೆ. ಹೊಲ ಮನೆ ಕಳೆದುಕೊಂಡವರು ಹೊಸ ಊರುಗಳಿಗೆ ಹೊತ್ತು ತಂದದ್ದು ವಿಶ್ವಾಸವನ್ನು ಮತ್ತು ಮಕ್ಕಳನ್ನು ಓದಿಸಬೇಕೆಂಬ ಹಟವನ್ನು. ಭೂಮಿ ಮುಳುಗಬಹುದು, ಕಲಿತದ್ದು ಮುಳುಗುವುದಿಲ್ಲವೆಂಬುದನ್ನು ನಮ್ಮ ಹಿರಿಯರು ನೀರಿನ ಮುಂದೆ ನಿಂತು ಕಲಿತರು. ಆ ಪಾಠವನ್ನು ಮನೆಯ ಗಂಡುಮಕ್ಕಳಿಗೆ ಮಾತ್ರ ಮೀಸಲಿಡಲು ನಮಗೆ ಅಧಿಕಾರ ಕೊಟ್ಟವರು ಯಾರು?

ಹಾಗಾದರೆ ಮಾಡಬೇಕಾದುದೇನು? ದೊಡ್ಡ ಮಾತುಗಳು ಬೇಡ. ಮದುವೆಗೆ ನಿಂತಿರುವ ಮಕ್ಕಳೇ, ಯಾರು ಯಾವ ವರ್ಷ ಓದುವಿರಿ, ಆ ವರ್ಷ ಮನೆಗೆಲಸ ಯಾರದು ಎಂಬುದನ್ನು ನಿಶ್ಚಿತಾರ್ಥಕ್ಕೆ ಮೊದಲೇ ಕಾಗದದ ಮೇಲೆ ಬರೆದು ಎರಡೂ ಮನೆಯವರಿಗೆ ತೋರಿಸಿ. ಸರದಿಯಂತೆ ಓದುವುದಾದರೆ ಎರಡನೆಯ ಸರದಿ ನಿಜವಾಗಿಯೂ ಬರಲಿ. ಮಗುವಾದ ಮೇಲೂ ದಾರಿ ಮುಚ್ಚುವುದಿಲ್ಲ: ಯುಜಿಸಿಯ 2022ರ ನಿಯಮಗಳು ಪಿಎಚ್.ಡಿ. ಮಾಡುವ ಮಹಿಳೆಯರಿಗೆ ಎರಡು ವರ್ಷಗಳ ಹೆಚ್ಚುವರಿ ಅವಧಿಯನ್ನು, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆಯನ್ನು ನೀಡಿವೆ. ಸರ್ಕಾರದ ನಿಯಮಕ್ಕಿರುವ ಅನುಕಂಪ ಅತ್ತೆಮನೆಗೆ ಇಲ್ಲವೆಂದಾಗಬಾರದು. ತಂದೆತಾಯಿಗಳೇ, ಮದುವೆಯ ಖರ್ಚಿನಲ್ಲಿ ಒಂದು ಪಾಲನ್ನು ತೆಗೆದು ಇಬ್ಬರ ಹೆಸರಿನಲ್ಲಿಯೂ ಓದಿಗೆಂದು ಇಡಿ. ಅತ್ತೆಯಂದಿರೇ, ನಿಮಗೆ ಯಾರೂ ಬಾಗಿಲು ಮುಚ್ಚಿಕೊಂಡು ಓದುವ ಕೋಣೆ ಕೊಡಲಿಲ್ಲ, ಬಲ್ಲೆ. ಆ ನೋವನ್ನು ಬಲ್ಲ ನೀವೇ ಸೊಸೆಗೆ ಕೋಣೆ ಬಿಟ್ಟುಕೊಡಬಲ್ಲವರು. ಪಾಲನಾ ಸಮಿತಿಯ ಹಿರಿಯರೇ, ಈ ಕ್ರಿಸ್ತಜಯಂತಿಯ ಹಿಂದಿನ ದಿನ ಪ್ರತಿ ಮನೆಯ ಗಂಡಸರೂ ಅಡುಗೆಮನೆಗೆ ಇಳಿಯಲಿ; ನಡುರಾತ್ರಿಯ ಬಲಿಪೂಜೆಯಲ್ಲಿ ಕೊನೆಯ ಗೀತೆ ಮುಗಿಯುವ ತನಕ ತಾಯಂದಿರು ನೆಮ್ಮದಿಯಿಂದ ಕುಳಿತಿರಲಿ.

ಸಂತ ಪೌಲನ ಗೆಳೆಯರಾಗಿದ್ದ ಅಕ್ವಿಲ ಮತ್ತು ಪ್ರಿಸ್ಸಿಲ ದಂಪತಿಯನ್ನು ನೆನೆಯಿರಿ. ಇಬ್ಬರಿಗೂ ಡೇರೆ ಹೊಲಿಯುವ ಕಸುಬು. ವಿದ್ವಾಂಸನಾದ ಅಪೊಲ್ಲೋಸನನ್ನು ಬಳಿಗೆ ಕರೆದು ದೇವರ ಮಾರ್ಗವನ್ನು ಇನ್ನೂ ನಿಖರವಾಗಿ ವಿವರಿಸಿದವರು ಇಬ್ಬರೂ. ಆ ಪ್ರಸಂಗದಲ್ಲಿ ಮೊದಲು ಬರುವ ಹೆಸರು ಪ್ರಿಸ್ಸಿಲಳದು. ದುಡಿಮೆಯಲ್ಲಿ ಇಬ್ಬರು, ವಿದ್ಯೆಯಲ್ಲಿ ಇಬ್ಬರು. ಕ್ರೈಸ್ತ ದಾಂಪತ್ಯಕ್ಕೆ ಇದಕ್ಕಿಂತ ಹಳೆಯ ಸಂಪ್ರದಾಯ ಬೇಕೇ?

ಕೊನೆಯದಾಗಿ, ತಿಬೇರಿಯ ಸರೋವರದ ದಡಕ್ಕೆ ಬನ್ನಿ. ರಾತ್ರಿಯೆಲ್ಲಾ ಬಲೆ ಬೀಸಿ ಬಳಲಿ ಬಂದ ಶಿಷ್ಯರು ಅಲ್ಲಿ ಕಂಡದ್ದು ಕೆಂಡದ ಬೆಂಕಿ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೃತ್ಯುಂಜಯರಾದ ಪ್ರಭು ಯೇಸು ತಾವೇ ಒಲೆ ಹೊತ್ತಿಸಿ, ಬೇಯಿಸಿ, ಬಡಿಸಿದರು. ಅಂದು ಅವರ ಮಹಿಮೆಗೆ ಏನು ಕಡಿಮೆಯಾಯಿತು?

ಆ ಮನೆಯ ಸೊಸೆ ಪರೀಕ್ಷೆಗೆ ಮತ್ತೆ ಅರ್ಜಿ ಹಾಕಿದ್ದಾಳೆ. ಎಂ.ಟೆಕ್. ಓದುತ್ತಿರುವ ಗಂಡ ಈ ಬಾರಿ ಹಬ್ಬಕ್ಕೆ ನಾಲ್ಕು ದಿನ ಮುಂಚಿತವಾಗಿ ಬಂದು ಅಮ್ಮನ ಜೊತೆ ಹಿಟ್ಟು ನಾದುವೆನೆಂದು ಮಾತು ಕೊಟ್ಟಿದ್ದಾನೆ. ಕ್ಯಾರಲ್ ತಂಡ ಹೋದಾಗ ನಾನು ಮುಚ್ಚಿದ ಬಾಗಿಲಿನ ಹಿಂದೆ ಯಾರಿದ್ದಾರೆಂದು ಮೊದಲು ಕೇಳುತ್ತೇನೆ. ಅವಳೆಂದಾದರೆ ಹುಡುಗರಿಗೆ ಮೆಲ್ಲಗೆ ಹಾಡಲು ಹೇಳುತ್ತೇನೆ. ಅವಳಲ್ಲವೆಂದಾದರೆ ನನ್ನ ಮುಂದೆ ತಟ್ಟೆ ತರಬೇಡಿ. ಆ ಮನೆಯ ಕರ್ಜಿಕಾಯಿ ನನ್ನ ಗಂಟಲಲ್ಲಿ ಇಳಿಯುವುದಿಲ್ಲ.